ಶೆಟ್ಟಿಹಳ್ಳಿ ಚರ್ಚ್

ಹಾಸನ ಜಿಲ್ಲೆಯ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿರುವ ಪಾಳುಬಿದ್ದ ಕ್ಯಾಥೋಲಿಕ್ ದೇವಾಲಯ. ಜಪಮಾಲೆ ಮಾತೆಗೆ ಅರ್ಪಿತವಾದುದರಿಂದ ರೋಸರಿ ಚರ್ಚ್ ಎಂದೂ ಹೆಸರು. ಹಾಸನ ನಗರದಿಂದ ಸುಮಾರು 20 ಕಿ.ಮೀ. ದೂರದಲ್ಲಿದೆ. 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಇದನ್ನು ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದರು. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂಬುದು ಸ್ಥಳೀಯರ ನಂಬಿಕೆ.

ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಸುತ್ತಲಿನ ಹಳ್ಳಿಗಳು ಮುಳುಗಿ, ಇಲ್ಲಿ ಪೂಜೆಗೆ ಸೇರುತ್ತಿದ್ದ ಕುಟುಂಬಗಳು ಬೇರೆಡೆಗೆ ಹೋಗಬೇಕಾಯಿತು. ಪ್ರವಾಸಿಗರ ಚಿತ್ರಗಳಲ್ಲಿ ಈ ಜನರ ಕಥೆ ಕಾಣದಿರುವುದು ವಿಷಾದದ ಸಂಗತಿ. ಕಟ್ಟಡದಷ್ಟೇ ಅದೂ ದಾಖಲಾಗಬೇಕಾದ ಚರಿತ್ರೆ.

ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಕಟ್ಟಡದ ಬಹುಭಾಗ ನೀರಿನಡಿ ಸೇರಿ, ಗೋಡೆಗಳ ಮೇಲ್ಭಾಗವಷ್ಟೇ ಕಾಣುತ್ತದೆ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಒಳಗೆ ನಡೆದಾಡಬಹುದು. ಛಾವಣಿ ಉಳಿದಿಲ್ಲ, ಚೂಪು ಕಮಾನುಗಳ ಸಾಲು, ಬಲಿಪೀಠದ ಹಿಂದಿನ ಅರ್ಧವೃತ್ತಾಕಾರದ ಗೋಡೆ ಮಾತ್ರ ಮೂಲ ವಿನ್ಯಾಸದ ಚೆಲುವನ್ನು ಇಂದಿಗೂ ತೋರಿಸುತ್ತವೆ. ವರ್ಷವರ್ಷವೂ ನೆನೆದು ಒಣಗುವುದರಿಂದ ಗಾರೆ ಸಡಿಲಗೊಂಡು ಗೋಡೆಗಳು ಕುಸಿಯುತ್ತಿವೆ. ನೋಡಲು ಹೋಗುವವರು ಗೋಡೆ ಹತ್ತಬಾರದು, ಹೆಸರು ಕೆತ್ತಬಾರದು.