ಸುಂಯ್‌ಗುಟ್ಟುವ ಸದ್ದು ಎಲ್ಲಿಯದು?

ವಾಚಕರೇ, ಲ್ಯಾಪ್‌ಟಾಪಿನ ಸ್ಪೀಕರು ಹಾಡಿನ ನಡುವೆ ಗುಂಯ್‌ಗುಟ್ಟಿದರೆ ನೀವು ಮೊದಲು ಚಾರ್ಜರನ್ನು ತೆಗೆದು ನೋಡುತ್ತೀರಲ್ಲವೆ? ಸದ್ದು ನಿಂತರೆ ದೋಷ ವಿದ್ಯುತ್ತಿನ ಕಡೆಯದು. ನಿಲ್ಲದಿದ್ದರೆ ಬೇರೆಡೆ ಹುಡುಕಬೇಕು. ಹೀಗೆಯೇ ಒಂದೊಂದು ಕಾರಣವನ್ನೂ ಕಳೆಯುತ್ತ ಹೋದ ತರುಣನೊಬ್ಬನು ಎಲ್ಲಿಗೆ ಮುಟ್ಟಿದನೆಂಬುದನ್ನು ಕೇಳಿರಿ.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಾರ್ಲ್ ಜಾನ್ಸ್ಕಿ ಎಂಬ ಇಂಜಿನಿಯರಿದ್ದನು. ಅಟ್ಲಾಂಟಿಕ್ ಸಾಗರದಾಚೆಗೆ ರೇಡಿಯೋ ಮೂಲಕ ನಡೆಯುತ್ತಿದ್ದ ಟೆಲಿಫೋನ್ ಮಾತಿನಲ್ಲಿ ಬೆರೆಯುತ್ತಿದ್ದ ಗದ್ದಲದ ಮೂಲವನ್ನು ಹುಡುಕುವುದು ಅವನಿಗೊಪ್ಪಿಸಿದ ಕೆಲಸ. ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ, ಫೋರ್ಡ್ ಕಾರಿನ ಚಕ್ರಗಳ ಮೇಲೆ 20 ನಿಮಿಷಕ್ಕೊಮ್ಮೆ ಸುತ್ತು ಬರುವ ದೊಡ್ಡ ಏರಿಯಲ್ಲನ್ನು ಕಟ್ಟಿದನು. ಸಮೀಪದ ಗುಡುಗು ಮಿಂಚಿನ ಸದ್ದು ಗುರುತಿಗೆ ಸಿಕ್ಕಿತು, ದೂರದ್ದೂ ಸಿಕ್ಕಿತು. ಉಳಿದದ್ದು ಬಿಡದೆ ಬರುವ ಒಂದು ಸುಂಯ್‌ಕಾರ.

ಸೂರ್ಯನದಿರಬೇಕೆಂದು ಮೊದಲು ಎಣಿಸಿದನು. ಆದರೆ ಆ ಸದ್ದಿನ ಏರು ದಿನದಿನವೂ 4 ನಿಮಿಷ ಮುಂಚಿತವಾಗಿ ಬರತೊಡಗಿತು. 23 ಗಂಟೆ 56 ನಿಮಿಷ! ನಮ್ಮ ಪಂಚಾಂಗ ಬಲ್ಲವರು ಕೇಳಿದೊಡನೆ ‘ನಾಕ್ಷತ್ರ ದಿನ’ ಎಂದಾರು. ಸದ್ದು ಬರುತ್ತಿದ್ದುದು ಧನು ರಾಶಿಯ ದಿಕ್ಕಿನಿಂದ, ಆಕಾಶಗಂಗೆಯ ನಡುವಿನಿಂದ.

1933ರಲ್ಲಿ ಇದನ್ನು ಪ್ರಕಟಿಸಿದನು. ಆ ವರ್ಷದ ಮೇ 15ರಂದು ಎನ್‌ಬಿಸಿ ರೇಡಿಯೋ ಆ ಸುಂಯ್‌ಕಾರವನ್ನೇ ಕಾರ್ಯಕ್ರಮವಾಗಿ ಬಿತ್ತರಿಸಿತು. ಕೇಳುಗರು ತಿರುಪು ತಿರುಗಿಸಿ ತೊಲಗಿಸಬಯಸುವ ಸದ್ದಿಗೆ ಇಂಥ ಮರ್ಯಾದೆ!

ಜಾನ್ಸ್ಕಿ ಬೇರೆ ಕೆಲಸಕ್ಕೆ ಹೋಗಬೇಕಾಯಿತು. 1950ರಲ್ಲಿ, 44ನೆಯ ವಯಸ್ಸಿಗೇ ತೀರಿಕೊಂಡನು. ಆಕಾಶದಿಂದ ಬರುವ ರೇಡಿಯೋ ಅಲೆಗಳ ಬಲವನ್ನು ವಿಜ್ಞಾನಿಗಳು ಇಂದು ಅಳೆಯುವುದು ‘ಜಾನ್ಸ್ಕಿ’ಗಳಲ್ಲಿ.