ಬಿನ್ನಹ ಮತ್ತು ಸಮ್ಮತಿ: ಕರ್ನಾಟಕದ ವಿಧಾನಸಭೆಯ ಪೂರ್ವೋತ್ತರ ವಿಚಾರ

ಸಭಾ ಎಂಬ ಶಬ್ದವು ವೇದಕಾಲದಿಂದಲೂ ಪ್ರಸಿದ್ಧವಾದುದು. ಅಥರ್ವವೇದವು ಸಭೆ, ಸಮಿತಿಗಳೆರಡನ್ನೂ ಪ್ರಜಾಪತಿಯ ಪುತ್ರಿಯರೆಂದು ಹೇಳಿ, ಸಭೆಗೆ ‘ನರಿಷ್ಟಾ’ ಎಂಬ ಇನ್ನೊಂದು ಹೆಸರನ್ನೂ ಕೊಡುತ್ತದೆ. ಸಾಯಣಾಚಾರ್ಯರು ಈ ಪದವನ್ನು ವಿವರಿಸುವಾಗ, ಅನೇಕರು ಒಟ್ಟುಗೂಡಿ ಒಂದೇ ಮಾತನ್ನಾಡಿದರೆ ಅದನ್ನು ಇತರರು ಮೀರಲಾಗದೆಂಬ ಅಭಿಪ್ರಾಯವನ್ನು ತಂದಿರುವರು. ಇದರಿಂದ ಸಭೆಗೆ ಎರಡು ಲಕ್ಷಣಗಳು ಏರ್ಪಡುತ್ತವೆ: ಕೂಡಿ ಮಾತನಾಡುವುದು ಒಂದು, ಆಡಿದ ಮಾತು ಅನುಲ್ಲಂಘ್ಯವಾಗಿರುವುದು ಇನ್ನೊಂದು. ಮೊದಲನೆಯದು ಮಾತ್ರವೇ ಇದ್ದರೆ ಅದು ಬಿನ್ನಹದ ಸಭೆ; ಎರಡೂ ಇದ್ದರೆ ಸಮ್ಮತಿಯ ಸಭೆ. ಇಂದು ವಿಧಾನಸಭೆಯೆಂದು ಕರೆಯಲ್ಪಡುವ ಕೆಳಮನೆಯ ಇತಿಹಾಸವೆಂದರೆ, ಕನ್ನಡಿಗರು ಬಿನ್ನಹದಿಂದ ಸಮ್ಮತಿಗೆ ಬಂದ ಇತಿಹಾಸವೇ ಆಗಿದೆ.

ಈ ವಿಚಾರಕ್ಕೆ ಕುಂದಾಪುರ ಸೀಮೆಯ ಉತ್ತರದ ಅಂಚಿನಲ್ಲಿ, ಬೈಂದೂರಿಗೆ ಹೊಂದಿಕೊಂಡಿರುವ ಯಡ್ತರೆಯು ತಕ್ಕ ನೆಲೆಯಾಗಿದೆ. ಕರಾವಳಿಗೆ ಸಭೆಯು ಹೊಸದಲ್ಲ. ಬಾರಕೂರಿನ ಕೇರಿಗಳ ಶಾಸನಗಳಲ್ಲಿ ಕಾಣುವ ‘ಹಲರು’ ಎಂಬ ಕೂಟ, ವರ್ತಕರ ‘ನಖರ’ ಮತ್ತು ‘ಹಂಜಮಾನ’ಗಳು ಊರಿನ ವ್ಯವಹಾರಗಳಲ್ಲಿ ಅಧಿಕಾರವುಳ್ಳವಾಗಿದ್ದವು. ಆದರೆ ಅವು ಕೇರಿಗೆ, ವೃತ್ತಿಗೆ, ಪಟ್ಟಣಕ್ಕೆ ಸೇರಿದವು. ನಾಡಿಗೆಲ್ಲ ಶಾಸನವನ್ನು ವಿಧಿಸುವ ಸಭೆಗಳಲ್ಲ. ಅಂತಹ ಸಭೆಯು ಈ ನಾಡಿನಲ್ಲಿ ಹುಟ್ಟಿದುದು ಹತ್ತೊಂಬತ್ತನೆಯ ಶತಮಾನದ ಬಳಿಕವೇ. ಅದೂ ಒಂದೇ ಕಡೆಯಲ್ಲಲ್ಲ.

ಕೆನರಾ ಪ್ರಾಂತವು ೧೭೯೯ರಲ್ಲಿ ಇಂಗ್ಲಿಷರ ವಶವಾಗಿ ಮದರಾಸಿಗೆ ಸೇರಿತು. ೧೮೬೦ರಲ್ಲಿ ಅದನ್ನು ಉತ್ತರ ದಕ್ಷಿಣಗಳೆಂದು ಇಬ್ಭಾಗಿಸಿದರು. ೧೮೬೨ರಲ್ಲಿ ಉತ್ತರ ಕೆನರಾವು ಮುಂಬಯಿ ಪ್ರಾಂತಕ್ಕೆ ಹೋದಾಗ ಕುಂದಾಪುರ ತಾಲ್ಲೂಕು ದಕ್ಷಿಣ ಕೆನರಾದಲ್ಲಿ, ಎಂದರೆ ಮದರಾಸಿನಲ್ಲಿ ನಿಂತಿತು. ಇದರ ಫಲವಾಗಿ ಯಡ್ತರೆಯು ಮೂರು ಆಳ್ವಿಕೆಗಳ ಸಂಧಿಯ ಸಮೀಪಕ್ಕೆ ಬಂದಿತು. ಬಡಗಣಕ್ಕೆ ಶಿರೂರನ್ನು ದಾಟಿದರೆ ಭಟ್ಕಳ, ಅದು ಮುಂಬಯಿ. ಮೂಡಣಕ್ಕೆ ಕೊಲ್ಲೂರಿನ ಘಟ್ಟವನ್ನೇರಿದರೆ ನಗರ ಸೀಮೆ, ಅದು ಮೈಸೂರು ಸಂಸ್ಥಾನ. ತೆಂಕಣಕ್ಕೆ ಕುಂದಾಪುರ, ಅದು ಮದರಾಸು. ಒಂದೇ ಭಾಷೆಯನ್ನಾಡುವ, ಒಂದೇ ಜಾತ್ರೆಗೆ ಸೇರುವ ಜನರು ತಮ್ಮ ಕಷ್ಟಗಳನ್ನು ಮೂರು ಬೇರೆ ಬೇರೆ ರಾಜಧಾನಿಗಳಿಗೆ ನಿವೇದಿಸಬೇಕಾಗಿದ್ದಿತು.

ಇವುಗಳಲ್ಲಿ ಮೈಸೂರಿನ ಸಭೆಯನ್ನು ಮೊದಲು ವಿಚಾರಿಸತಕ್ಕದ್ದು. ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ ದಿವಾನ್ ರಂಗಾಚಾರ್ಲು ಅವರ ಪ್ರಯತ್ನದಿಂದ ೧೮೮೧ನೆಯ ಅಕ್ಟೋಬರ್ ೭ರಂದು ಪ್ರಜಾಪ್ರತಿನಿಧಿ ಸಭೆಯು ೧೪೪ ಸದಸ್ಯರೊಡನೆ ಮೊದಲು ಸೇರಿತು. ಆರಂಭದಲ್ಲಿ ಸದಸ್ಯರು ಚುನಾಯಿತರಲ್ಲ. ೧೮೯೧ರಿಂದ ಆಸ್ತಿ ಮೊದಲಾದ ಅರ್ಹತೆಗಳುಳ್ಳವರು ಅವರನ್ನು ಆರಿಸತೊಡಗಿದರು. ದಸರೆಯ ಸಮಯದಲ್ಲಿ ದಿವಾನರು ವರ್ಷದ ಆಡಳಿತವನ್ನು ನಿರೂಪಿಸುವರು. ಪ್ರತಿನಿಧಿಗಳು ಕೆರೆ, ರಸ್ತೆ, ಕಂದಾಯ, ಶಾಲೆಗಳ ವಿಷಯವಾಗಿ ಅರಿಕೆ ಮಾಡಿಕೊಳ್ಳುವರು. ಕೇಳುವುದಕ್ಕೆ ಅವಕಾಶವುಂಟು, ನಿರ್ಣಯಿಸುವುದಕ್ಕಿಲ್ಲ. ೧೯೦೭ರಲ್ಲಿ ನ್ಯಾಯವಿಧಾಯಕ ಸಭೆಯು ಏರ್ಪಟ್ಟಿತು. ೧೯೨೩ರ ಸುಧಾರಣೆಯಿಂದ ಪ್ರಜಾಪ್ರತಿನಿಧಿ ಸಭೆಗೆ ಶಾಸನಬದ್ಧವಾದ ಸ್ಥಾನವು ದೊರೆತು, ಹೊಸ ತೆರಿಗೆಗಳ ಮತ್ತು ಮಸೂದೆಗಳ ಮೂಲತತ್ತ್ವಗಳ ವಿಷಯದಲ್ಲಿ ಅದರ ಅಭಿಪ್ರಾಯವನ್ನು ಕೇಳಬೇಕೆಂದಾಯಿತು. ಆದರೂ ಆಯವ್ಯಯದ ಬೇಡಿಕೆಗಳಿಗೆ ಮತ ಕೊಡುವ ಅಧಿಕಾರವು ಚಿಕ್ಕದಾದ ನ್ಯಾಯವಿಧಾಯಕ ಸಭೆಯಲ್ಲಿಯೇ ಉಳಿಯಿತು. ಜನಬಾಹುಳ್ಯವುಳ್ಳ ಮನೆಗೆ ಮಾತು, ಅಲ್ಪಸಂಖ್ಯೆಯ ಮನೆಗೆ ಹಣದ ಕೀಲಿಕೈ—ಇದೇ ಮೈಸೂರಿನ ವ್ಯವಸ್ಥೆಯ ವೈಚಿತ್ರ್ಯವಾಗಿದ್ದಿತು.

ಯಡ್ತರೆಯು ಸೇರಿದ್ದ ಮದರಾಸಿನ ಮಾರ್ಗವು ಬೇರೆ. ಅಲ್ಲಿ ೧೮೬೧ರ ಕಾಯಿದೆಯಿಂದ ಶಾಸನ ಪರಿಷತ್ತು ಆರಂಭವಾಗಿ, ೧೮೯೨, ೧೯೦೯, ೧೯೧೯ರ ಕಾಯಿದೆಗಳಿಂದ ವಿಸ್ತರಿಸಿತು. ೧೯೩೫ರ ಕಾಯಿದೆಯು ೧೯೩೭ರಲ್ಲಿ ಜಾರಿಗೆ ಬಂದಾಗ ೨೧೫ ಸದಸ್ಯರ ಕೆಳಮನೆಯೊಂದು ಹುಟ್ಟಿತು. ಅದರ ಬಹುಮತವನ್ನು ಅವಲಂಬಿಸಿದ ಮಂತ್ರಿಮಂಡಲವು ಅದೇ ವರ್ಷದ ಜುಲೈಯಲ್ಲಿ ರಾಜಗೋಪಾಲಾಚಾರ್ಯರ ನಾಯಕತ್ವದಲ್ಲಿ ಅಧಿಕಾರವನ್ನು ವಹಿಸಿತು. ಇಲ್ಲಿ ಸಮ್ಮತಿಯ ಅಧಿಕಾರವು ಬಹುಮಟ್ಟಿಗೆ ಇದ್ದಿತು. ಆದರೂ ಗವರ್ನರರ ವಿಶೇಷಾಧಿಕಾರವು ಮೇಲೆ ತೂಗುತ್ತಿದ್ದುದರಿಂದ, ೧೯೩೯ರಲ್ಲಿ ಮಂತ್ರಿಗಳು ರಾಜೀನಾಮೆಯನ್ನಿತ್ತ ಬಳಿಕ ೧೯೪೬ರವರೆಗೆ ಆಡಳಿತವು ಗವರ್ನರರ ಕೈಯಲ್ಲಿಯೇ ನಡೆಯಿತು. ಮತಾಧಿಕಾರವು ಆಸ್ತಿ, ತೆರಿಗೆ, ವಿದ್ಯೆಗಳಿಗೆ ಕಟ್ಟುಬಿದ್ದಿದ್ದಿತು. ಇದಕ್ಕಿಂತಲೂ ಗಮನಾರ್ಹವಾದುದು ಭಾಷೆಯ ವಿಷಯ. ಶಾಸನಸಭೆಯ ಕಲಾಪಗಳು ಇಂಗ್ಲಿಷಿನಲ್ಲಿ ನಡೆಯತಕ್ಕದ್ದೆಂದು ೧೯೩೫ರ ಕಾಯಿದೆಯು ವಿಧಿಸಿ, ಇಂಗ್ಲಿಷನ್ನು ಸಾಕಷ್ಟು ಅರಿಯದವರಿಗೆ ಮಾತ್ರ ಅನ್ಯಭಾಷೆಯ ಅವಕಾಶವನ್ನಿತ್ತಿತು. ತಮಿಳರೂ ತೆಲುಗರೂ ಅಧಿಕವಾಗಿದ್ದ ಆ ಮನೆಯಲ್ಲಿ ದಕ್ಷಿಣ ಕೆನರಾದ ಕನ್ನಡವು ಅಪವಾದದ ಬಾಗಿಲಿನಿಂದ ಪ್ರವೇಶಿಸಬೇಕಾಗಿದ್ದಿತು.

ಆದಕಾರಣ ಘಟ್ಟದ ಮೇಲಿನವರಿಗೆ ಸಭೆಯು ಹತ್ತಿರವಾಗಿದ್ದರೂ ಬಲಹೀನವಾಗಿದ್ದಿತು. ಘಟ್ಟದ ಕೆಳಗಿನವರಿಗೆ ಬಲವುಳ್ಳದ್ದಾಗಿದ್ದರೂ ದೂರವಾಗಿದ್ದಿತು. ಏಕೀಕರಣವನ್ನು ಕೇವಲ ಭಾಷಾಭಿಮಾನದ ಫಲವೆಂದು ಎಣಿಸುವವರು ಈ ಅಂಶವನ್ನು ಮರೆಯಬಾರದು. ಸಾಮೀಪ್ಯ ಮತ್ತು ಸಾಮರ್ಥ್ಯಗಳೆರಡನ್ನೂ ಒಂದೇ ಸಭೆಯಲ್ಲಿ ಪಡೆಯುವುದು ಅದರ ರಾಜಕೀಯ ಪ್ರಯೋಜನವಾಗಿದ್ದಿತು.

ಮೈಸೂರಿನ ಎರಡು ಹಳೆಯ ಸಭೆಗಳೂ ೧೯೪೯ರ ಡಿಸೆಂಬರಿನಲ್ಲಿ ವಿಸರ್ಜಿತವಾದವು. ಪ್ರಾಪ್ತವಯಸ್ಕರೆಲ್ಲರ ಮತದಿಂದ ಆಯ್ಕೆಯಾದ ೯೯ ಸದಸ್ಯರ ವಿಧಾನಸಭೆಯು ೧೯೫೨ರ ಜೂನಿನಲ್ಲಿ ಬೆಂಗಳೂರಿನಲ್ಲಿ, ಇಂದು ಉಚ್ಚ ನ್ಯಾಯಾಲಯವಿರುವ ಅಠಾರಾ ಕಚೇರಿಯ ಕಟ್ಟಡದಲ್ಲಿ ಸೇರಿತು. ಆಗಲೂ ಯಡ್ತರೆಯ ಮತದಾರರು ಮದರಾಸಿನ ಸಭೆಗೇ ಪ್ರತಿನಿಧಿಯನ್ನು ಕಳುಹಿಸಿದರು. ೧೯೫೬ನೆಯ ನವೆಂಬರ್ ೧ರಂದು ದಕ್ಷಿಣ ಕೆನರಾವು ಮೈಸೂರಿಗೆ ಸೇರಿತು. ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ವಿಸ್ತೃತವಾದ ಸಭೆಯು ವಿಧಾನಸೌಧದಲ್ಲಿ ಕುಳಿತಿತು. ೧೯೫೭ರ ಚುನಾವಣೆಯಲ್ಲಿ ಸ್ಥಾನಗಳು ೨೦೮, ೧೯೬೭ರಲ್ಲಿ ೨೧೬, ೧೯೭೮ರಲ್ಲಿ ೨೨೪ ಆದವು. ೧೯೬೨ರ ಚುನಾವಣೆಯಲ್ಲಿ ಬೈಂದೂರು ಕ್ಷೇತ್ರದಿಂದ ಯಡ್ತರೆ ಮಂಜಯ್ಯ ಶೆಟ್ಟರು ಆಯ್ಕೆಯಾದರು. ಅದೇ ವರ್ಷ ದಕ್ಷಿಣ ಕನ್ನಡದವರೇ ಆದ ಬಿ. ವೈಕುಂಠ ಬಾಳಿಗರು ಸಭಾಧ್ಯಕ್ಷರಾದರು. ಆರು ವರ್ಷಗಳ ಹಿಂದೆ ಬಂದು ಸೇರಿದ ನಾಡಿಗೆ ಪೀಠವೇ ದೊರೆತುದು ಸಾಮಾನ್ಯವಾದ ಸಂಗತಿಯಲ್ಲ. ೧೯೬೩ರಲ್ಲಿ ಕನ್ನಡವನ್ನು ರಾಜ್ಯದ ಅಧಿಕೃತ ಭಾಷೆಯಾಗಿ ವಿಧಿಸುವ ಶಾಸನವೂ ಆಯಿತು.

ಇನ್ನು ಕಾರ್ಯವಿಧಾನವನ್ನು ನೋಡುವ. ವಿಧಾನಸಭೆಯ ಅವಧಿಯು ಐದು ವರ್ಷ. ಒಂದು ಅಧಿವೇಶನದ ಕೊನೆಯ ದಿನಕ್ಕೂ ಮುಂದಿನದರ ಮೊದಲ ದಿನಕ್ಕೂ ನಡುವೆ ಆರು ತಿಂಗಳು ಕಳೆಯಕೂಡದು. ಸದಸ್ಯರ ಹತ್ತರಲ್ಲೊಂದು ಭಾಗವಾದರೂ ಹಾಜರಿದ್ದ ಹೊರತು ಕಲಾಪವು ನಡೆಯದು. ಸಭಾಧ್ಯಕ್ಷರು ಮೊದಲಿಗೆ ಮತ ಕೊಡುವುದಿಲ್ಲ. ಮತಗಳು ಸಮವಾದಾಗ ಮಾತ್ರ ನಿರ್ಣಾಯಕ ಮತವನ್ನು ಕೊಡುವರು. ಮಂತ್ರಿಮಂಡಲವು ಸಾಮೂಹಿಕವಾಗಿ ಹೊಣೆಯಾಗಿರುವುದು ಈ ಮನೆಗೇ ಹೊರತು ಮೇಲ್ಮನೆಗಲ್ಲ. ಧನ ಮಸೂದೆಯು ಇಲ್ಲಿಯೇ ಹುಟ್ಟಬೇಕು. ವಿಧಾನಪರಿಷತ್ತು ಅದನ್ನು ಹದಿನಾಲ್ಕು ದಿನಗಳೊಳಗಾಗಿ ಹಿಂದಿರುಗಿಸಬೇಕು. ಬೇಡಿಕೆಗಳಿಗೆ ಮತವನ್ನು ಕೊಡುವುದೂ ಕೆಳಮನೆಯೊಂದೇ. ಹೀಗೆ ೧೯೨೩ರ ಮೈಸೂರಿನ ವ್ಯವಸ್ಥೆಯು ತಲೆಕೆಳಗಾಗಿ, ಹಣದ ಕೀಲಿಕೈಯು ಜನರ ಮನೆಗೆ ಬಂದಿತು.

ಹಳೆಯ ಬಿನ್ನಹವು ಇದರಿಂದ ಅಳಿಯಲಿಲ್ಲ, ಬಲವನ್ನು ಪಡೆಯಿತು. ದಸರೆಯ ಸಭೆಯಲ್ಲಿ ಮಾಡುತ್ತಿದ್ದ ಅರಿಕೆಯು ಪ್ರಶ್ನೋತ್ತರ, ಗಮನ ಸೆಳೆಯುವ ಸೂಚನೆ, ನಿಲುವಳಿ ಸೂಚನೆಗಳ ರೂಪವನ್ನು ತಾಳಿತು. ಹಿಂದೆ ದಿವಾನರು ದಯದಿಂದ ಉತ್ತರಿಸುತ್ತಿದ್ದರು. ಈಗ ಮಂತ್ರಿಗಳು ಹೊಣೆಯಿಂದ ಉತ್ತರಿಸಬೇಕು. ಖರ್ಚಾದ ಹಣವನ್ನು ಸಾರ್ವಜನಿಕ ಲೆಕ್ಕಪತ್ರ ಸಮಿತಿಯು ಪರೀಕ್ಷಿಸುವುದು.

ಆದರೆ ಅಧಿಕಾರವಿರುವುದು ಬೇರೆ, ಅದನ್ನು ಪ್ರಯೋಗಿಸುವುದು ಬೇರೆ. ನಿಗದಿಯಾದ ಕಾಲವು ಮುಗಿದೊಡನೆ, ಚರ್ಚೆಗೆ ಬಾರದ ಬೇಡಿಕೆಗಳನ್ನೂ ಒಟ್ಟಾಗಿ ಮತಕ್ಕೆ ಹಾಕುವ ಪದ್ಧತಿಯು ಸಭೆಯಲ್ಲಿ ಉಂಟು. ಗದ್ದಲದಲ್ಲಿ ಕಾಲವು ಹೋದರೆ, ಮಸೂದೆಯು ಮಾತಿಲ್ಲದೆಯೇ ಶಾಸನವಾಗಬಹುದು. ಪ್ರಜಾಪ್ರತಿನಿಧಿ ಸಭೆಯಲ್ಲಿ ಸಮ್ಮತಿಯಿಲ್ಲದ ಮಾತು ಇದ್ದಿತು. ಇಲ್ಲಿ ಮಾತಿಲ್ಲದ ಸಮ್ಮತಿಯು ಬರುವ ಭಯವಿದೆ. ಎರಡನೆಯದು ಮೊದಲನೆಯದಕ್ಕಿಂತ ಲೇಸೆಂದು ಹೇಳಲಾಗದು. ಕೂಡಿ ವಿಚಾರಿಸಿದುದರಿಂದಲ್ಲವೆ ಸಭೆಯ ಮಾತು ಮೀರಲಾಗದ್ದಾಗುವುದು? ವಿಚಾರವನ್ನು ಬಿಟ್ಟ ನಿರ್ಣಯಕ್ಕೆ ಶಾಸನದ ಬಲವಿರಬಹುದು, ನರಿಷ್ಟೆಯೆಂಬ ಹೆಸರು ಸಲ್ಲದು. ಮೂರು ರಾಜಧಾನಿಗಳ ನಡುವೆ ಹಂಚಿಹೋಗಿದ್ದ ಸೀಮೆಗಳು ಶತಮಾನದ ಮೇಲೆ ಒಂದೇ ಮನೆಗೆ ಬಂದುದು, ತಮ್ಮ ಮಾತು ಅಲ್ಲಿ ನಡೆಯಲೆಂದು. ಆ ಮಾತು ಅಲ್ಲಿ ಆಡಲ್ಪಡುವವರೆಗೆ ಮಾತ್ರವೇ ಆ ಸೇರುವೆಯು ಸಾರ್ಥಕವಾಗಿರುವುದು.