ಯು-48: ಒಂದು ಜಲಾಂತರ್ಗಾಮಿಯ ಯುದ್ಧಚರಿತ್ರೆ

ದ್ವಿತೀಯ ಮಹಾಯುದ್ಧದ ಜರ್ಮನ್ ಜಲಾಂತರ್ಗಾಮಿಗಳಲ್ಲಿ, ಮುಳುಗಿಸಿದ ಹಡಗುಗಳ ಲೆಕ್ಕದಿಂದ ಪ್ರಥಮಸ್ಥಾನವು ಸಲ್ಲುವುದು ಯು-48 ಎಂಬ ನೌಕೆಗೆ. ಕೀಲ್ ಬಂದರಿನಲ್ಲಿ ನಿರ್ಮಿತವಾಗಿ, 1939ರ ಏಪ್ರಿಲಿನಲ್ಲಿ ನೌಕಾಬಲವನ್ನು ಸೇರಿದ ಇದು, 1941ರ ಜೂನಿನವರೆಗಿನ ತನ್ನ 12 ಸಂಚಾರಗಳಲ್ಲಿ 50ಕ್ಕೂ ಮಿಕ್ಕ ಹಡಗುಗಳನ್ನು, ಎಂದರೆ 3 ಲಕ್ಷ ಟನ್ನುಗಳಿಗೂ ಅಧಿಕವಾದ ನೌಕಾಸಂಪತ್ತನ್ನು, ಸಮುದ್ರದ ಪಾಲುಮಾಡಿತು. ಈ ಅಂಕೆಗಳು ಪ್ರಸಿದ್ಧವಾದವು. ಆದರೆ ಆ ಅವಧಿಯಲ್ಲಿ ಜಲಾಂತರ್ಗಾಮಿಯ ಯುದ್ಧಕಲೆಯು ವೃದ್ಧಿಹೊಂದಿದಂತೆಲ್ಲ ಸಮುದ್ರಸಮರದ ಧರ್ಮವು ಕ್ಷೀಣಿಸುತ್ತ ಬಂದಿತೆಂಬುದನ್ನೂ ಈ ನೌಕೆಯ ಚರಿತ್ರೆಯಿಂದಲೇ ನಾವು ಅರಿಯಬೇಕಾಗಿದೆ.

ಪ್ರಯಾಣಿಕರನ್ನೂ ನಾವಿಕರನ್ನೂ ಸುರಕ್ಷಿತ ಸ್ಥಳಕ್ಕೆ ಸೇರಿಸದೆ ವಾಣಿಜ್ಯನೌಕೆಯನ್ನು ಮುಳುಗಿಸಕೂಡದೆಂಬ ನಿಯಮವನ್ನು 1936ರ ಲಂಡನ್ ಒಡಂಬಡಿಕೆಯು ದೃಢಪಡಿಸಿದ್ದಿತು. ಜರ್ಮನಿಯೂ ಅದಕ್ಕೆ ಸಮ್ಮತಿಯನ್ನಿತ್ತಿದ್ದಿತು. ಯು-48ರ ಪ್ರಥಮ ನಾಯಕನಾದ ಹೆರ್ಬರ್ಟ್ ಷುಲ್ಟ್ಸೆಯು, 1939ರ ಸೆಪ್ಟೆಂಬರಿನಲ್ಲಿ ರಾಯಲ್ ಸೆಪ್ಟರ್ ಎಂಬ ಹಡಗನ್ನು ಮುಳುಗಿಸಿದ ಬಳಿಕ, ಬ್ರೌನಿಂಗ್ ಎಂಬ ಇನ್ನೊಂದು ಹಡಗನ್ನು ಅದರ ಜನರ ರಕ್ಷಣೆಗೆ ಕಳುಹಿಸಿದನು. ಕೆಲವೇ ದಿನಗಳಲ್ಲಿ ಫರ್ಬಿ ಎಂಬ ಹಡಗನ್ನು ಮುಳುಗಿಸಿದಾಗ, ಅದರ ನಾವಿಕರನ್ನು ಕಾಪಾಡಿರೆಂದು, ಸ್ಥಳನಿರ್ದೇಶಸಹಿತವಾಗಿ, ಆಗಿನ ಬ್ರಿಟಿಷ್ ನೌಕಾಸಚಿವ ಚರ್ಚಿಲ್ಲರ ಹೆಸರಿಗೇ ನಿಸ್ತಂತು ಸಂದೇಶವನ್ನಿತ್ತನು. ಆದರೆ ನೀರಿನ ಮೇಲೆ ಬಂದು ನಿಂತ ಜಲಾಂತರ್ಗಾಮಿಯು ಸಣ್ಣ ಫಿರಂಗಿಗೂ ಸುಲಭವಾದ ಗುರಿ. ವಾಣಿಜ್ಯನೌಕೆಗಳು ಫಿರಂಗಿಗಳನ್ನು ಹೊತ್ತು, ವೈರಿಯನ್ನು ಕಂಡೊಡನೆ ನಿಸ್ತಂತುವಿನಿಂದ ಸುದ್ದಿಯನ್ನು ಹಬ್ಬಿಸತೊಡಗಿದ ಮೇಲೆ, ನಿಯಮಪಾಲನೆಯು ಆತ್ಮನಾಶಕ್ಕೆ ಸಮಾನವೆಂಬ ವಾದವು ಬಲಗೊಂಡು, ಜರ್ಮನ್ ನೌಕಾಧಿಕಾರಿಗಳು ನಿರ್ಬಂಧಗಳನ್ನು ಒಂದೊಂದಾಗಿ ಸಡಿಲಿಸಿದರು.

1940ರ ಜೂನಿನಲ್ಲಿ ಫ್ರಾನ್ಸು ಪತನಹೊಂದಲು, ಲೊರಿಯಾಂ ಮೊದಲಾದ ಬಂದರುಗಳು ಕೈವಶವಾಗಿ, ಅಟ್ಲಾಂಟಿಕ್ಕಿನ ಹಡಗುದಾರಿಗಳು ಜರ್ಮನರಿಗೆ ಸಮೀಪವಾದವು. ರಾತ್ರಿಯಲ್ಲಿ ನೀರಿನ ಮೇಲೆಯೇ ಚಲಿಸಿ, ಪ್ರತಿಧ್ವನಿಯಿಂದ ಶೋಧಿಸುವ ಆಸ್ಡಿಕ್ ಯಂತ್ರವನ್ನು ವಂಚಿಸುವ ತಂತ್ರವೂ, ಒಂದು ನೌಕೆಯು ಕಂಡ ಹಡಗುಸಾಲಿನ ಮೇಲೆ ಅನೇಕ ನೌಕೆಗಳನ್ನು ಒಟ್ಟಾಗಿ ಎರಗಿಸುವ, ಜಲಾಂತರ್ಗಾಮಿಪಡೆಯ ದಂಡನಾಯಕ ಡೋನಿಟ್ಸನ ‘ತೋಳದ ಹಿಂಡಿ’ನ ಯೋಜನೆಯೂ ಆಗ ಫಲಿಸಿದವು. ಅಕ್ಟೋಬರಿನಲ್ಲಿ ಎಸ್‌ಸಿ-7 ಎಂಬ ಸಾಲನ್ನು ಕಂಡು ವರದಿಮಾಡಿದ್ದು ಯು-48. ಅದರ 35 ಹಡಗುಗಳಲ್ಲಿ 20 ಮುಳುಗಿದವು.

ಇದಕ್ಕೆ ಒಂದು ತಿಂಗಳು ಮುಂಚೆ, ಸೆಪ್ಟೆಂಬರ್ 17ರ ರಾತ್ರಿ, ಹೈನ್ರಿಷ್ ಬ್ಲೈಖ್ರೋಟನ ನಾಯಕತ್ವದಲ್ಲಿ ಇದೇ ನೌಕೆಯು ‘ಸಿಟಿ ಆಫ್ ಬೆನಾರಸ್’ ಎಂಬ ಪ್ರಯಾಣಿಕರ ಹಡಗನ್ನು ಮುಳುಗಿಸಿತು. ಬಾಂಬುದಾಳಿಯಿಂದ ಪಾರುಮಾಡಲೆಂದು ಬ್ರಿಟಿಷ್ ಸರ್ಕಾರವು ಕೆನಡಕ್ಕೆ ಕಳುಹಿಸುತ್ತಿದ್ದ 90 ಮಂದಿ ಮಕ್ಕಳಲ್ಲಿ 77 ಮಂದಿ ಮಡಿದರು; ಲಾಸ್ಕರರೆನಿಸಿದ ಭಾರತೀಯ ನಾವಿಕರೂ ಬಹುಸಂಖ್ಯೆಯಲ್ಲಿ ಪ್ರಾಣವನ್ನು ನೀಗಿದರು. ಬೆಂಗಾವಲಿನ ಯುದ್ಧನೌಕೆಗಳು ಅದಕ್ಕೆ ಮುಂಚೆಯೇ ಆ ಹಡಗಿದ್ದ ಸಾಲನ್ನು ಬಿಟ್ಟು ತೆರಳಿದ್ದವು. ಆರು ಮಂದಿ ಹುಡುಗರಿದ್ದ ಒಂದು ದೋಣಿಯು 8 ದಿನ ಅಲೆದು, ವಿಮಾನವೊಂದರ ಕಣ್ಣಿಗೆ ಬಿದ್ದುದರಿಂದ ಉಳಿಯಿತು. ಕತ್ತಲಿನಲ್ಲಿ ಟಾರ್ಪಿಡೊವನ್ನು ಪ್ರಯೋಗಿಸುವವನಿಗೆ ಹಡಗಿನೊಳಗೆ ಯಾರಿರುವರೆಂಬುದು ತಿಳಿಯುವಂತಿರಲಿಲ್ಲ. ಹಾಗೆ ತಿಳಿಯದೆಯೇ ಕೊಲ್ಲುವುದು ಆ ಹೊಸ ತಂತ್ರದ ಸ್ವರೂಪವೇ ಆಗಿದ್ದಿತು. ಹಡಗನ್ನು ತಡೆದು ಪರೀಕ್ಷಿಸಿ, ಜನರನ್ನು ಸುರಕ್ಷಿತ ಸ್ಥಳಕ್ಕೆ ಸೇರಿಸಬೇಕೆಂಬ ಹಳೆಯ ನಿಯಮವು ಉದ್ದೇಶಿಸಿದ್ದುದು ಇಂಥ ನಿರಪರಾಧಿಗಳ ರಕ್ಷಣೆಯನ್ನೇ.

ಜಲಾಂತರ್ಗಾಮಿಯ ಯುದ್ಧಕಲೆಯ ಈ ಉತ್ಕರ್ಷವು ದೀರ್ಘಕಾಲ ನಿಲ್ಲಲಿಲ್ಲ. 1941ರ ಮಾರ್ಚಿನಲ್ಲಿ ಪ್ರಸಿದ್ಧ ಜಲಾಂತರ್ಗಾಮಿ ನಾಯಕರಲ್ಲಿ ಪ್ರೀನ್ ಮತ್ತು ಷೆಪ್ಕೆ ಮಡಿದರು, ಕ್ರೆಚ್ಮರ್ ಸೆರೆಸಿಕ್ಕಿದನು. ರಡಾರ್, ದೂರಗಾಮಿ ವಿಮಾನ, ಗೂಢಲಿಪಿಯ ಭೇದನ ಇವುಗಳು ಒಂದಾದ ಮೇಲೆ, 1943ರ ಮೇ ತಿಂಗಳೊಂದರಲ್ಲಿಯೇ 41 ಜಲಾಂತರ್ಗಾಮಿಗಳು ನಾಶವಾದವು. ಆ ವೇಳೆಗೆ ಯು-48 ಮುಂಚೂಣಿಯನ್ನು ಬಿಟ್ಟು ಶಿಕ್ಷಣಕಾರ್ಯಕ್ಕೆ ಸಂದಿದ್ದಿತು. 1945ರ ಮೇ 3ರಂದು ನಾಯ್‌ಷ್ಟಾಟಿನಲ್ಲಿ ಅದನ್ನು ಸ್ವಜನರೇ ಮುಳುಗಿಸಿದರು. ಜಲಾಂತರ್ಗಾಮಿಗಳಲ್ಲಿ ಸೇವೆಮಾಡಿದ ಸುಮಾರು 40,000 ಜರ್ಮನರಲ್ಲಿ ಸುಮಾರು 30,000 ಮಂದಿ ಹಿಂದಿರುಗಲಿಲ್ಲ.

1946ರಲ್ಲಿ ನ್ಯೂರೆಂಬರ್ಗಿನ ನ್ಯಾಯಮಂಡಲಿಯು ಡೋನಿಟ್ಸನಿಗೆ ಹತ್ತು ವರ್ಷಗಳ ಸೆರೆಯನ್ನು ವಿಧಿಸಿತಾದರೂ, ಬ್ರಿಟಿಷರೂ ಅಮೆರಿಕನ್ನರೂ ಇದೇ ರೀತಿಯಲ್ಲಿ ಹೋರಾಡಿದ್ದರೆಂಬ ಕಾರಣದಿಂದ, ಜಲಾಂತರ್ಗಾಮಿ ನಿಯಮದ ಉಲ್ಲಂಘನೆಯನ್ನು ಶಿಕ್ಷೆಯ ಲೆಕ್ಕಕ್ಕೆ ಹಿಡಿಯಲಿಲ್ಲ. ಎಲ್ಲರೂ ಮುರಿದ ನಿಯಮವು ಅದರಿಂದ ಮಿಥ್ಯೆಯಾಗದು. ಅದನ್ನು ಪಾಲಿಸಲಾರದಂಥ ಆಯುಧವನ್ನು ಕೈಕೊಂಡ ರಾಷ್ಟ್ರಗಳೆಲ್ಲವೂ ಆ 77 ಮಕ್ಕಳಿಗೆ ಉತ್ತರವಾದಿಗಳೆಂದೇ ನನ್ನ ದೃಢವಾದ ಅಭಿಪ್ರಾಯ.